ಹೋದೆವು, ಹೋಗಿದ್ದೆವು: ಒಂದು ಕಾಲರೂಪದ ಚರಿತ್ರೆ

‘ನಿನ್ನೆ ಶಂಶಾಬಾದಿಗೆ ಹೋಗಿದ್ದೆವು.’ ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರ ಬಾಯಲ್ಲಿ ಮೇಲಿಂದ ಮೇಲೆ ಬರುವ ವಾಕ್ಯವಿದು. ಊರಿನಿಂದ ಬರುವವರನ್ನು ಕರೆತರಲು, ವಿದೇಶಕ್ಕೆ ಹೊರಟ ಮಕ್ಕಳನ್ನು ಬೀಳ್ಕೊಡಲು ನಾವೆಲ್ಲರೂ ಆಗಾಗ ಹೋಗುವ ಸ್ಥಳ ಅದು. ಇದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳಬೇಕಾದಾಗ ನಮ್ಮಲ್ಲಿ ಬಹುಮಂದಿ ‘ವಿ ಹ್ಯಾಡ್ ಗಾನ್ ಟು ಶಂಶಾಬಾದ್ ಯೆಸ್ಟರ್ಡೇ’ ಎನ್ನುತ್ತೇವೆ. ಇಂಗ್ಲಿಷ್ ಬಲ್ಲವರು ಕೂಡಲೇ ತಿದ್ದುತ್ತಾರೆ: ‘ಹ್ಯಾಡ್ ಗಾನ್’ ಸಲ್ಲದು, ‘ವೆಂಟ್’ ಎನ್ನಬೇಕು. ತಿದ್ದಿಸಿಕೊಂಡವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಆದರೆ ಅದೇ ಶಾಲಾ ಪುಸ್ತಕವೇ ಅವರಿಗೆ ‘ಹೋಗಿದ್ದೆವು’ ಎಂದರೆ ‘ಹ್ಯಾಡ್ ಗಾನ್’ ಎಂದು ಕಲಿಸಿತ್ತಲ್ಲವೆ? ಕಲಿತಂತೆಯೇ ಹೇಳಿದರೂ ಅದು ತಪ್ಪಾದುದು ಹೇಗೆ? ಈ ಪ್ರಶ್ನೆಗೆ ಉತ್ತರ ವ್ಯಾಕರಣದಲ್ಲಿರುವುದಕ್ಕಿಂತ ಹೆಚ್ಚಾಗಿ ವ್ಯಾಕರಣದ ಚರಿತ್ರೆಯಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಆ ಚರಿತ್ರೆಯನ್ನು ಸ್ಥೂಲವಾಗಿ ಇಲ್ಲಿ ನಿರೂಪಿಸಲು ಯತ್ನಿಸಿದ್ದೇವೆ.

ಮೊದಲು ಕನ್ನಡದ ಕಡೆಯಿಂದ ನೋಡೋಣ. ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜನಿಗೆ ಕಾಲಗಳು ಮೂರೇ: ಭೂತ, ವರ್ತಮಾನ, ಭವಿಷ್ಯತ್. ಇವಕ್ಕೆ ಹಳೆಗನ್ನಡದಲ್ಲಿ ದ, ದಪ, ವ ಎಂಬ ಪ್ರತ್ಯಯಗಳು. ಪೋದಂ, ಪೋದಪಂ, ಪೋಪಂ ಎಂದರೆ ಲೆಕ್ಕ ಮುಗಿಯಿತು. ಕೇಶಿರಾಜನ ಕಣ್ಣ ಮುಂದೆ ಸಂಸ್ಕೃತದ ಮಾದರಿ ಇತ್ತು. ಸಂಸ್ಕೃತದಲ್ಲಿ ಭೂತಕಾಲಕ್ಕೆ ಲುಙ್, ಲಙ್, ಲಿಟ್ ಎಂಬ ಮೂರು ಲಕಾರಗಳಿವೆ. ಲಙ್ ಎಂಬುದು ಇಂದಿನದಲ್ಲದ ಭೂತಕ್ಕೆ, ಲಿಟ್ ಎಂಬುದು ಹೇಳುವವನು ಕಣ್ಣಾರೆ ಕಾಣದ ಭೂತಕ್ಕೆ, ಲುಙ್ ಎಂಬುದು ಸಾಮಾನ್ಯ ಭೂತಕ್ಕೆ ಎಂಬುದು ಶಾಸ್ತ್ರದ ವಿಭಾಗ. ಸಂಸ್ಕೃತವನ್ನು ಅನುಸರಿಸಿದ ನಮ್ಮ ಪ್ರಾಚೀನ ವೈಯಾಕರಣನು ಈ ಮೂರು ಭೂತಗಳನ್ನು ಕನ್ನಡದ ಮೇಲೆ ಹೇರಲಿಲ್ಲವೆಂಬುದು ಗಮನಾರ್ಹ. ‘ಇರ್’ ಧಾತುವಿನೊಡನೆ ಕೂಡಿದ ಬಂದಿರ್ದಂ, ಪೋಗಿರ್ದಂ ಎಂಬಂಥ ರೂಪಗಳು ಹಳೆಗನ್ನಡದಲ್ಲಿಯೂ ಉಂಟು. ಆದರೆ ಅವುಗಳಿಗೆಂದು ಬೇರೊಂದು ಕಾಲದ ಹೆಸರು ಹುಟ್ಟಲಿಲ್ಲ. ಅವು ಎರಡು ಕ್ರಿಯೆಗಳ ಜೋಡಣೆ, ಅಷ್ಟೇ: ಹೋಗಿ, ಆ ಸ್ಥಿತಿಯಲ್ಲಿ ಇದ್ದನು.

ಈಗ ಯೂರೋಪಿನ ಕಡೆಗೆ ತಿರುಗೋಣ. ಲ್ಯಾಟಿನ್ ವೈಯಾಕರಣರು ಭೂತಕ್ಕೂ ಹಿಂದಿನ ಭೂತವನ್ನು ಸೂಚಿಸುವ ರೂಪಕ್ಕೆ ಕೊಟ್ಟ ಹೆಸರಿನ ಅರ್ಥ ‘ಪೂರ್ಣಕ್ಕಿಂತಲೂ ಹೆಚ್ಚಿನದು’ ಎಂದು. ಅದೇ ಹೆಸರು ಸವೆದು ಇಂಗ್ಲಿಷಿನಲ್ಲಿ ‘ಪ್ಲೂಪರ್ಫೆಕ್ಟ್’ ಆಯಿತು. ಲ್ಯಾಟಿನಿನಲ್ಲಿ ಅದೊಂದೇ ಪದದ ರೂಪ. ಇಂಗ್ಲಿಷಿನಲ್ಲಿ ಅಂಥ ರೂಪವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಒಂದು ಘಟನೆ ಇನ್ನೊಂದಕ್ಕಿಂತ ಮುಂಚಿನದೆಂದು ತಿಳಿಸಲು ಹಲವು ವೇಳೆ ಸಾಮಾನ್ಯ ಭೂತರೂಪದ ಜೊತೆಗೆ ‘ಮೊದಲು’ ಎಂಬ ಅರ್ಥದ ಒಂದು ಅವ್ಯಯವನ್ನು ಸೇರಿಸಿದರೆ ಸಾಕಾಗುತ್ತಿತ್ತು. ‘ಹ್ಯಾಡ್’ ಎಂಬುದು ಮೂಲದಲ್ಲಿ ಒಡೆತನದ ಮಾತು. ‘ಬರೆದ ಪತ್ರ ನನ್ನ ಬಳಿ ಇತ್ತು’ ಎಂಬ ಬಗೆಯ ಅರ್ಥದಿಂದ ‘ಪತ್ರವನ್ನು ಬರೆದಿದ್ದೆ’ ಎಂಬ ಅರ್ಥಕ್ಕೆ ಅದು ಕಾಲಕ್ರಮದಲ್ಲಿ ಜಾರಿತು. ಹೋಗುವುದು, ಬರುವುದು ಮುಂತಾದ ಚಲನೆಯ ಕ್ರಿಯಾಪದಗಳಲ್ಲಿಯಂತೂ ಇಂಗ್ಲಿಷರು ಬಹುಕಾಲ ‘ಹ್ಯಾಡ್’ ಬದಲಿಗೆ ‘ವಾಸ್’ ಎಂದೇ ಬಳಸುತ್ತಿದ್ದರು. ‘ಹಿ ವಾಸ್ ಕಮ್’, ‘ಹಿ ವಾಸ್ ಗಾನ್’ ಎಂಬ ಪ್ರಯೋಗಗಳು ಹತ್ತೊಂಬತ್ತನೆಯ ಶತಮಾನದವರೆಗೂ ಬರಹದಲ್ಲಿ ಕಾಣುತ್ತವೆ. ಕನ್ನಡದ ‘ಹೋಗಿದ್ದ’ ಕೂಡ ‘ಇರು’ ಎಂಬುದರ ಮೇಲೆಯೇ ನಿಂತಿದೆ. ಆ ಹಳೆಯ ‘ವಾಸ್ ಗಾನ್’ ನಮ್ಮ ‘ಹೋಗಿದ್ದ’ಕ್ಕೆ ‘ಹ್ಯಾಡ್ ಗಾನ್’ಗಿಂತ ಹತ್ತಿರದ ನಂಟನೆಂದರೆ ಅತಿಶಯೋಕ್ತಿಯಾಗದು.

ಇಂಗ್ಲಿಷಿನ ಈ ಜೋಡು ರೂಪಗಳಿಗೆ ಲ್ಯಾಟಿನಿನ ಹೆಸರುಗಳನ್ನು ತೊಡಿಸಿದವರು ಇಂಗ್ಲಿಷ್ ವೈಯಾಕರಣರು. ಅವರಲ್ಲಿ ಹೆಚ್ಚು ಪ್ರಚಾರ ಪಡೆದವನು ಲಿಂಡ್ಲಿ ಮರ್ರೆ. 1795ರಲ್ಲಿ ಹೊರಬಂದ ಅವನ ವ್ಯಾಕರಣದಲ್ಲಿ ಕಾಲಗಳು ಆರು. ಅವುಗಳಲ್ಲಿ ಪ್ಲೂಪರ್ಫೆಕ್ಟ್ ಒಂದು. ಕಂಪನಿಯ ಅಧಿಕಾರಿಗಳೂ ಮಿಷನರಿಗಳೂ ಕನ್ನಡವನ್ನು ಕಲಿಯಲು, ಕಲಿಸಲು ಮುಂದಾದ ಕಾಲವೂ ಇದಕ್ಕೆ ಹೊಂದಿಕೊಂಡಂತೆಯೇ ಬರುತ್ತದೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಮಪುರದಿಂದ, ಜಾನ್ ಮೆಕೆರೆಲ್‌ನದು 1820ರಲ್ಲಿ ಮದರಾಸಿನಿಂದ, ಥಾಮಸ್ ಹಾಡ್ಸನ್‌ನದು 1859ರಲ್ಲಿ ಬೆಂಗಳೂರಿನಿಂದ, ಕಿಟೆಲ್‌ನದು 1903ರಲ್ಲಿ ಮಂಗಳೂರಿನಿಂದ ಪ್ರಕಟವಾದವು. ಇವರೆಲ್ಲರ ಪರಿಶ್ರಮಕ್ಕೆ ಕನ್ನಡ ಋಣಿಯಾಗಿದೆ. ಕಿಟೆಲ್‌ನಂತೂ ಕೇಶಿರಾಜನನ್ನು ಆಳವಾಗಿ ಓದಿಕೊಂಡಿದ್ದವನು. ಆದರೆ ಅನ್ಯಭಾಷಿಕರಿಗೆ ಕನ್ನಡ ಕಲಿಸುವ ಪುಸ್ತಕ ಕಲಿಯುವವನಿಗೆ ಪರಿಚಿತವಾದ ಹೆಸರುಗಳಿಂದಲೇ ಆರಂಭಿಸಬೇಕಾಗುತ್ತದೆ. ಈ ಪರಂಪರೆಯಲ್ಲಿ ‘ಮಾಡಿದ್ದೇನೆ’ ಎಂಬುದು ಪರ್ಫೆಕ್ಟ್ ಎಂದೂ ‘ಮಾಡಿದ್ದೆನು’ ಎಂಬುದು ಪ್ಲೂಪರ್ಫೆಕ್ಟ್ ಎಂದೂ ಹೆಸರು ಪಡೆದವು. ಕೇಶಿರಾಜ ಹೆಸರಿಡದೆ ಬಿಟ್ಟ ಜೋಡಣೆಗೆ ಲ್ಯಾಟಿನಿನಿಂದ ಬಂದ ಹೆಸರು ಅಂಟಿಕೊಂಡಿತು. ಇಂಗ್ಲಿಷನಿಗೆ ಕನ್ನಡ ಕಲಿಸಲು ಮಾಡಿಕೊಂಡ ಸಮೀಕರಣವು ಕನ್ನಡಿಗನಿಗೆ ಇಂಗ್ಲಿಷ್ ಕಲಿಸುವಾಗ ತಿರುಗುಮುರುಗಾಗಿ ಬಳಕೆಗೆ ಬಂದಿತು.

ಆ ತಿರುವನ್ನು ಗಟ್ಟಿಮಾಡಿದವು ಎರಡು ಪುಸ್ತಕ ಪರಂಪರೆಗಳು. ವಾಯವ್ಯ ಪ್ರಾಂತ ಮತ್ತು ಅವಧ್‌ನ ಶಿಕ್ಷಣ ಇಲಾಖೆಯಲ್ಲಿದ್ದ ಜೆ.ಸಿ. ನೆಸ್‌ಫೀಲ್ಡ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಭಾರತದ ಶಾಲೆಗಳಿಗಾಗಿ ಇಂಗ್ಲಿಷ್ ವ್ಯಾಕರಣಮಾಲೆಯನ್ನು ಬರೆದನು. ಮೂರು ಕಾಲಗಳು, ಒಂದೊಂದಕ್ಕೂ ನಾಲ್ಕು ಬಗೆಗಳು, ಒಟ್ಟು ಹನ್ನೆರಡು ಎಂಬ ಕೋಷ್ಟಕವನ್ನು ನಮ್ಮ ತಾತಂದಿರಿಗೆ ಪರಿಚಯಿಸಿದ್ದು ಈ ಮಾಲೆ. ಬೊಂಬಾಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿ, ಮುಂದೆ ಕಾದಂಬರಿಕಾರನೆಂದು ಹೆಸರಾದ ಪಿ.ಸಿ. ರೆನ್ ಮತ್ತು ಎಚ್. ಮಾರ್ಟಿನ್ ಇಬ್ಬರ ಹೆಸರಿನಲ್ಲಿ 1930ರ ದಶಕದಲ್ಲಿ ಬಂದ ಹೈಸ್ಕೂಲು ವ್ಯಾಕರಣ ಇಂದಿಗೂ ಮಾರಾಟವಾಗುತ್ತಿದೆ. ಜಾತಕದ ಹನ್ನೆರಡು ಮನೆಗಳಂತೆ ಈ ಹನ್ನೆರಡು ಮನೆಗಳನ್ನೂ ತುಂಬಲೇಬೇಕೆಂದು ಮೇಷ್ಟರುಗಳು ಕನ್ನಡದ ರೂಪಗಳನ್ನು ಹುಡುಕಿದರು. ಹೋಗುತ್ತೇನೆ, ಹೋಗುತ್ತಿದ್ದೇನೆ, ಹೋಗಿದ್ದೇನೆ ಎಂದು ಮೂರು ಮನೆಗಳು ಸುಲಭವಾಗಿ ತುಂಬಿದವು. ನಾಲ್ಕನೆಯದಕ್ಕೆ ‘ಹೋಗುತ್ತಾ ಇದ್ದೇನೆ’ ಎಂದೋ ‘ಹೋಗುತ್ತಾ ಬಂದಿದ್ದೇನೆ’ ಎಂದೋ ಹೇಗೋ ಹೊಂದಿಸಿದರು. ‘ಹ್ಯಾಡ್ ಗಾನ್’ ಎಂಬ ಮನೆಗೆ ‘ಹೋಗಿದ್ದೆನು’ ಎಂಬುದು ಯಾವ ತೊಡಕೂ ಇಲ್ಲದೆ ಹೊಕ್ಕಿತು. ಹೆಸರೂ ‘ಪೂರ್ಣಭೂತ’ ಎಂದಾಯಿತು.

ಹೈದರಾಬಾದ್ ಸಂಸ್ಥಾನದ ಕನ್ನಡಿಗರ ಕಥೆಯಲ್ಲಿ ಇನ್ನೊಂದು ಎಳೆ ಸೇರುತ್ತದೆ. ಬೀದರ್, ಗುಲ್ಬರ್ಗಾ, ರಾಯಚೂರು ಸೀಮೆಗಳಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯ ಮಾಧ್ಯಮವೂ ಉರ್ದು. ಇಂಗ್ಲಿಷ್ ಕಡ್ಡಾಯವಾದ ಒಂದು ವಿಷಯ. ಅಲ್ಲಿ ಓದಿದ ಸಿದ್ಧಯ್ಯ ಪುರಾಣಿಕರಂಥವರು ಮೂರು ಭಾಷೆಗಳ ನಡುವೆ ಬೆಳೆದರು. ಉರ್ದು ವ್ಯಾಕರಣದಲ್ಲಿ ಭೂತಕಾಲದ ವಿಭಾಗ ಬೇರೆಯ ಬಗೆಯದು. ‘ಆಯಾ’ ಎಂಬುದು ಮಾಜಿ ಮುತ್ಲಕ್, ಎಂದರೆ ಬರಿಯ ಭೂತ. ‘ಆಯಾ ಹೈ’ ಎಂಬುದು ಮಾಜಿ ಕರೀಬ್, ಎಂದರೆ ಸಮೀಪದ ಭೂತ. ‘ಆಯಾ ಥಾ’ ಎಂಬುದು ಮಾಜಿ ಬಈದ್, ಎಂದರೆ ದೂರದ ಭೂತ. ಲ್ಯಾಟಿನ್ ‘ಎಷ್ಟು ಪೂರ್ಣ’ ಎಂದು ಅಳೆದರೆ ಉರ್ದು ‘ಎಷ್ಟು ದೂರ’ ಎಂದು ಅಳೆಯಿತು. ‘ಮೈ ಕಲ್ ಗಯಾ ಥಾ’ ಎಂದು ಸಲೀಸಾಗಿ ಹೇಳುವ ಊರಿನಲ್ಲಿ ‘ನಿನ್ನೆ ಹೋಗಿದ್ದೆ’ ಎಂಬ ಕನ್ನಡಕ್ಕೆ ಬೆಂಬಲ ದೊರೆತಿತು. ಈ ಎರಡು ಭಾಷೆಗಳ ಬಲದ ಮೇಲೆ ‘ಐ ಹ್ಯಾಡ್ ಗಾನ್ ಯೆಸ್ಟರ್ಡೇ’ ಎಂಬ ಇಂಗ್ಲಿಷ್ ಹುಟ್ಟಿದ್ದರಲ್ಲಿ ಆಶ್ಚರ್ಯವೇನು? ಇದು ಕನ್ನಡಿಗರಿಗೆ ಮಾತ್ರ ಅಂಟಿದ ರೂಢಿಯೂ ಅಲ್ಲ. ಭಾರತೀಯ ಇಂಗ್ಲಿಷನ್ನು ಅಧ್ಯಯನ ಮಾಡಿದ ವಿದ್ವಾಂಸರು ಇದನ್ನು ಅದರ ಪ್ರಸಿದ್ಧ ಲಕ್ಷಣಗಳಲ್ಲಿ ಒಂದೆಂದು ಗುರುತಿಸಿದ್ದಾರೆ.

ನೆರೆಯ ತೆಲುಗಿನ ರೀತಿ ಮತ್ತೊಂದು. ‘ನೇನು ಇಪ್ಪುಡು ಇಂಟ್ಲೋ ಉನ್ನಾನು’ ಎಂದರೆ ‘ಈಗ ಮನೆಯಲ್ಲಿದ್ದೇನೆ’. ‘ನೇನು ನಿನ್ನ ಇಂಟ್ಲೋ ಉನ್ನಾನು’ ಎಂದರೆ ‘ನಿನ್ನೆ ಮನೆಯಲ್ಲಿದ್ದೆ’. ನಾವು ‘ಇದ್ದೇನೆ’, ‘ಇದ್ದೆ’ ಎಂದು ಬೇರ್ಪಡಿಸುವ ಕಡೆ ತೆಲುಗು ಒಂದೇ ರೂಪದಲ್ಲಿ ನಡೆಸುತ್ತದೆ. ಕಾಲವನ್ನು ಉಳಿದ ಪದಗಳು ತಿಳಿಸುತ್ತವೆ. ಶಂಶಾಬಾದ್ ಎಂಬ ಹೆಸರಿನಲ್ಲಿಯೇ ಸೂರ್ಯನೆಂಬ ಅರ್ಥದ ಅರಬ್ಬಿ ಪದವೂ ಪಾರಸಿಯ ‘ಆಬಾದ್’ ಎಂಬುದೂ ಕೂಡಿವೆ. ಅಲ್ಲಿ ಕಿವಿಗೆ ಬೀಳುವುದು ತೆಲುಗು, ಉರ್ದು, ಹಿಂದಿ, ಇಂಗ್ಲಿಷ್. ಅದನ್ನು ಹಾದುಹೋಗುವ ಹೆದ್ದಾರಿ ಮುಟ್ಟುವುದು ಬೆಂಗಳೂರನ್ನು. ಇಂಥ ನೆಲದಲ್ಲಿ ಒಂದೊಂದು ಭಾಷೆಯೂ ಕಳೆದ ಕಾಲವನ್ನು ತನ್ನದೇ ಬಗೆಯಲ್ಲಿ ವಿಂಗಡಿಸುವುದನ್ನು ದಿನವೂ ಕೇಳುತ್ತೇವೆ. ಯಾವ ಭಾಷೆಯ ವಿಂಗಡಣೆಯೂ ಇನ್ನೊಂದರ ಮೇಲೆ ಸರಿಯಾಗಿ ಕೂಡುವುದಿಲ್ಲ.

ಹಾಗಾದರೆ ಕನ್ನಡದ ‘ಇದ್ದೆ’ ಮಾಡುವ ಕೆಲಸವೇನು? ಮೂರು ವಾಕ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ‘ಅಣ್ಣ ಶಂಶಾಬಾದಿಗೆ ಹೋದ’: ಕಥೆ ಮುಂದುವರಿಯಲಿದೆ, ಕೇಳುವವರು ‘ಆಮೇಲೆ?’ ಎನ್ನುತ್ತಾರೆ. ‘ಅಣ್ಣ ಶಂಶಾಬಾದಿಗೆ ಹೋಗಿದ್ದಾನೆ’: ಈಗ ಮನೆಯಲ್ಲಿಲ್ಲ, ಅಲ್ಲಿಯೇ ಇದ್ದಾನೆ. ‘ಅಣ್ಣ ಶಂಶಾಬಾದಿಗೆ ಹೋಗಿದ್ದ’: ಹೋಗಿ ಬಂದಾಯಿತು, ಆ ಪ್ರಸಂಗ ಮುಗಿಯಿತು. ‘ಬಾಗಿಲು ತೆಗೆದಿದ್ದೇನೆ’ ಎಂದರೆ ಬಾಗಿಲು ತೆರೆದಿದೆ, ಒಳಗೆ ಬನ್ನಿ. ‘ಬಾಗಿಲು ತೆಗೆದಿದ್ದೆ’ ಎಂದರೆ ಈಗ ಮುಚ್ಚಿರಬೇಕು. ಕ್ರಿಯೆಯ ಫಲ ಈಗ ಉಳಿದಿಲ್ಲ, ಅಥವಾ ಆ ಅಧ್ಯಾಯ ಮುಚ್ಚಿದೆ, ಅಥವಾ ಅದು ಹಿಂದೆ ಸರಿದ ಮಾತು ಎಂಬುದನ್ನು ‘ಇದ್ದೆ’ ಸೂಚಿಸುತ್ತದೆ. ‘ನಾನು ಅವತ್ತೇ ಹೇಳಿದ್ದೆ’ ಎಂಬ ಮನೆಮಾತಿನ ಹಿರಿತನ ಈ ‘ಇದ್ದೆ’ಯಲ್ಲಿಯೇ ಇದೆ. ಇದು ಕನ್ನಡಕ್ಕಷ್ಟೇ ಸೀಮಿತವಾದ ವಿಚಿತ್ರವೂ ಅಲ್ಲ. ವ್ಲಾದಿಮಿರ್ ಪ್ಲುಂಗಿಯಾನ್ ಮತ್ತು ಯೋಹಾನ್ ಫಾನ್ ಡರ್ ಅವೆರಾ ಎಂಬ ಭಾಷಾಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ವರ್ತಮಾನದೊಡನೆ ಸಂಬಂಧ ಕಡಿದುಕೊಂಡ ಭೂತವನ್ನು ಸೂಚಿಸುವ ರೂಪಗಳು ಲೋಕದ ಹಲವು ಭಾಷೆಗಳಲ್ಲಿವೆಯೆಂದು ತೋರಿಸಿದ್ದಾರೆ.

ಇಂಗ್ಲಿಷಿನ ‘ಹ್ಯಾಡ್ ಗಾನ್’ ಮಾಡುವ ಕೆಲಸ ಬೇರೆ. ಅದಕ್ಕೆ ಕಳೆದುಹೋದ ಕಾಲದಲ್ಲಿಯೇ ಇನ್ನೊಂದು ಗುರುತುಕಲ್ಲು ಬೇಕು. ಆ ಕಲ್ಲಿನ ಬಳಿ ನಿಂತು ಅದಕ್ಕೂ ಹಿಂದಕ್ಕೆ ನೋಡುವುದೇ ಅದರ ಸ್ವಭಾವ. ಕಲ್ಲು ಮಾತಿನಲ್ಲಿ ಬರದಿದ್ದರೂ ಸಂದರ್ಭದಲ್ಲಿ ಇರಬೇಕು. ಕಲ್ಲೇ ಇಲ್ಲದೆ ‘ಹ್ಯಾಡ್’ ಎಂದರೆ ಇಂಗ್ಲಿಷರು ಆ ಇನ್ನೊಂದು ಘಟನೆ ಯಾವುದೆಂದು ಕಾಯುತ್ತಾರೆ. ಕನ್ನಡದ ‘ಇದ್ದೆ’ಯಾದರೋ ಈ ಕ್ಷಣದಲ್ಲಿ ನಿಂತು ಹಿಂದಕ್ಕೆ ನೋಡಿ, ‘ಅದು ಆಗಿಹೋಯಿತು’ ಎನ್ನಬಲ್ಲದು. ಇಂಗ್ಲಿಷಿಗೆ ಬೇಕಾದುದು ಎರಡು ಘಟನೆಗಳ ಹಿಂದುಮುಂದು. ಕನ್ನಡಕ್ಕೆ ಬೇಕಾದುದು ಒಂದು ಘಟನೆಯ ಮುಕ್ತಾಯ.

ಹೀಗಿದ್ದರೂ ಇವೆರಡೂ ಒಂದೇ ಎಂಬ ನಂಬಿಕೆ ಇಷ್ಟು ಕಾಲ ಉಳಿದದ್ದು ಹೇಗೆ? ಇದಕ್ಕೆ ಪಾಠದ ಉದಾಹರಣೆಗಳೇ ಕಾರಣವೆಂದು ನಮಗೆ ತೋರುತ್ತದೆ. ಭಾರತದಲ್ಲಿ ಇಂಗ್ಲಿಷ್ ಕಲಿತ ಯಾರನ್ನು ಕೇಳಿದರೂ ಈ ಕಾಲಕ್ಕೆ ಎರಡು ವಾಕ್ಯಗಳನ್ನು ಹೇಳುತ್ತಾರೆ: ವೈದ್ಯರು ಬರುವ ಮೊದಲೇ ರೋಗಿ ತೀರಿಕೊಂಡಿದ್ದ, ನಾವು ನಿಲ್ದಾಣ ಮುಟ್ಟುವ ಮೊದಲೇ ರೈಲು ಹೊರಟುಹೋಗಿತ್ತು. ಒಂದು ಸಾವು, ಇನ್ನೊಂದು ತಪ್ಪಿದ ಗಾಡಿ. ಎರಡೂ ಮರಳಿ ಬಾರದವು. ಹೋದವನು ಹಿಂದಿರುಗಬಹುದು, ತೆಗೆದ ಬಾಗಿಲು ಮುಚ್ಚಬಹುದು, ಸತ್ತವನು ಏಳಲಾರ. ಫಲ ಅಳಿಯಲಾರದ ಇಂಥ ಕ್ರಿಯೆಗಳಲ್ಲಿ ಕನ್ನಡದ ‘ಇದ್ದ’ ಕೂಡ ‘ಈಗ ಹಾಗಿಲ್ಲ’ ಎಂಬ ಅರ್ಥವನ್ನು ಕೊಡಲಾರದು. ಆದ್ದರಿಂದ ಅದೂ ಇನ್ನೊಂದು ಘಟನೆಯನ್ನು ಹುಡುಕುತ್ತದೆ. ಯಾರಾದರೂ ‘ಅಜ್ಜ ತೀರಿಕೊಂಡಿದ್ದರು’ ಎಂದು ಮಾತು ನಿಲ್ಲಿಸಿದರೆ ನಾವು ‘ಯಾವಾಗ? ನೀವು ಹೋಗುವಷ್ಟರಲ್ಲಿಯೆ?’ ಎಂದು ಕೇಳುತ್ತೇವೆ. ಹೀಗೆ ಎರಡು ಭಾಷೆಗಳೂ ಒಂದಾಗುವ ಕಿರಿದಾದ ಜಾಗದಿಂದಲೇ ಪುಸ್ತಕಗಳು ಉದಾಹರಣೆಗಳನ್ನು ಆರಿಸಿದವು. ಆ ಜಾಗದಲ್ಲಿ ನಿಂತ ವಿದ್ಯಾರ್ಥಿಗೆ ಇಡೀ ನಾಡು ಒಂದೇ ಎಂದು ಕಂಡಿತು. ಹೋಗುವುದು, ನೋಡುವುದು, ಕೊಡುವುದು, ಹೇಳುವುದು ಎಂಬ ನಿತ್ಯದ ಕ್ರಿಯೆಗಳಿಗೆ ಬಂದಾಗ ದಾರಿ ಕವಲೊಡೆಯಿತು. ಆದರೆ ಕವಲಿನಲ್ಲಿ ಫಲಕ ನೆಟ್ಟವರು ಯಾರೂ ಇರಲಿಲ್ಲ.

2008ರ ಮಾರ್ಚಿಯಲ್ಲಿ ಬೇಗಂಪೇಟೆಯಿಂದ ನಾಗರಿಕ ವಿಮಾನಗಳು ಶಂಶಾಬಾದಿನ ಹೊಸ ನಿಲ್ದಾಣಕ್ಕೆ ಸ್ಥಳಾಂತರಗೊಂಡ ಮೇಲೆ ನಮ್ಮ ಊರಿನ ಮಕ್ಕಳಿಗೆ ರೈಲಿನ ವಾಕ್ಯ ವಿಮಾನದ ವಾಕ್ಯವಾಗಿದೆ: ನಾವು ಶಂಶಾಬಾದ್ ತಲುಪುವಷ್ಟರಲ್ಲಿ ವಿಮಾನ ಹೊರಟುಹೋಗಿತ್ತು. ಇದನ್ನು ‘ನಾವು ತಲುಪುವ ಮೊದಲೇ ವಿಮಾನ ಹೊರಟುಹೋಯಿತು’ ಎಂದರೂ ಕನ್ನಡದಲ್ಲಿ ಕೊರತೆಯಿಲ್ಲ. ಹಿಂದುಮುಂದನ್ನು ತಿಳಿಸಲು ನಮಗೆ ‘ಮೊದಲೇ’, ‘ಅಷ್ಟರಲ್ಲಿ’, ‘ಆಗಲೇ’ ಎಂಬ ಮಾತುಗಳಿವೆ. ಅವಕ್ಕಿಂತ ಮಿಗಿಲಾದ ಸಾಧನವೊಂದಿದೆ: ಕೃದಂತಾವ್ಯಯ. ‘ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಬಾಗಿಲಿಗೆ ಬೀಗ ಹಾಕಿ ಹೊರಟೆವು’ ಎಂಬಲ್ಲಿ ನಾಲ್ಕು ಕ್ರಿಯೆಗಳ ಕ್ರಮ ತಾನಾಗಿಯೇ ನಿಲ್ಲುತ್ತದೆ. ಒಂದೇ ಒಂದು ‘ಇದ್ದೆವು’ ಬೇಕಾಗುವುದಿಲ್ಲ. ಹಳೆಯ ಇಂಗ್ಲಿಷ್ ‘ಮೊದಲು’ ಎಂಬ ಅವ್ಯಯದಿಂದ ಸಾಧಿಸುತ್ತಿದ್ದುದನ್ನೂ ಇಂದಿನ ಇಂಗ್ಲಿಷ್ ‘ಹ್ಯಾಡ್’ ಎಂಬುದರಿಂದ ಸಾಧಿಸುವುದನ್ನೂ ಕನ್ನಡವು ‘ಮಾಡಿ’, ‘ಹೋಗಿ’, ‘ನೋಡಿ’ ಎಂಬ ಚಿಕ್ಕ ರೂಪಗಳಿಂದ ಸಾವಿರ ವರ್ಷಗಳಿಂದ ಸಾಧಿಸುತ್ತ ಬಂದಿದೆ. ಕೇಶಿರಾಜನಿಗೆ ನಾಲ್ಕನೆಯ ಕಾಲ ಬೇಕೆನಿಸದಿದ್ದುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಎರಡು ಭಾಷೆಗಳೂ ಕೈಹಿಡಿದು ನಡೆಯುವ ಇನ್ನೊಂದು ಜಾಗವನ್ನೂ ಹೇಳಬೇಕು. ‘ಅರ್ಧ ಗಂಟೆ ಮೊದಲು ಹೊರಟಿದ್ದರೆ ವಿಮಾನ ಸಿಗುತ್ತಿತ್ತು.’ ಹೊರಡಲಿಲ್ಲ, ಸಿಗಲಿಲ್ಲ ಎಂಬುದು ಇದರ ಒಡಲಲ್ಲಿದೆ. ಇಂಗ್ಲಿಷಿನಲ್ಲಿಯೂ ಇಲ್ಲಿ ‘ಇಫ್ ವಿ ಹ್ಯಾಡ್ ಲೆಫ್ಟ್’ ಎಂದೇ ಹೇಳಬೇಕು. ನಡೆಯದೇ ಹೋದದ್ದನ್ನು ನಡೆದಂತೆ ಭಾವಿಸಿ ಮರುಗುವಾಗ ಎರಡೂ ಭಾಷೆಗಳು ಭೂತದ ಇನ್ನೂ ಒಂದು ಮೆಟ್ಟಿಲು ಕೆಳಕ್ಕೆ ಇಳಿಯುತ್ತವೆ. ಇಲ್ಲಿ ‘ಇದ್ದರೆ’ಯನ್ನು ‘ಹ್ಯಾಡ್’ ಎಂದು ಅನುವಾದಿಸುವ ನಮ್ಮ ಅಭ್ಯಾಸ ನಮ್ಮನ್ನು ಕಾಪಾಡುತ್ತದೆ.

ಈ ಚರಿತ್ರೆಯಲ್ಲಿ ಹೈದರಾಬಾದಿಗೆ ವಿಶೇಷವಾದ ಒಂದು ಪಾತ್ರವಿದೆ. ಭಾರತದ ಇಂಗ್ಲಿಷ್ ಬೋಧನೆಯನ್ನು ಸುಧಾರಿಸಲೆಂದು 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾದದ್ದು ಈ ನಗರದಲ್ಲಿ. ಮುಂದೆ ವಿದೇಶೀ ಭಾಷೆಗಳೂ ಸೇರಿ ಅದು ಬೆಳೆದು, 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಆರಂಭದ ವರ್ಷಗಳಲ್ಲಿ ಅದರ ನಿರ್ದೇಶಕರಾಗಿದ್ದವರು ನಮ್ಮ ವಿನಾಯಕ ಕೃಷ್ಣ ಗೋಕಾಕರು. ಕನ್ನಡದಲ್ಲಿ ನವ್ಯಕಾವ್ಯದ ದಾರಿ ತೆರೆದ ಕವಿಯೊಬ್ಬರು ಇಡೀ ದೇಶದ ಇಂಗ್ಲಿಷ್ ಅಧ್ಯಾಪಕರಿಗೆ ತರಬೇತಿ ಕೊಡುವ ಸಂಸ್ಥೆಯ ಚುಕ್ಕಾಣಿ ಹಿಡಿದಿದ್ದರು. ಭಾರತದಲ್ಲಿ ಇಂಗ್ಲಿಷಿನ ಸ್ಥಾನವನ್ನು ಕುರಿತು ಅವರು 1964ರಲ್ಲಿ ಒಂದು ಪುಸ್ತಕವನ್ನೂ ಪ್ರಕಟಿಸಿದರು. ಅವರೇ 1980ರಲ್ಲಿ ಕರ್ನಾಟಕದ ಭಾಷಾನೀತಿಯನ್ನು ಕುರಿತ ಸಮಿತಿಯ ಅಧ್ಯಕ್ಷರಾಗಿ, ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನವನ್ನು ಶಿಫಾರಸು ಮಾಡಿದರು. ಈ ಎರಡು ಕೆಲಸಗಳಲ್ಲಿ ವಿರೋಧವಿದೆಯೆಂದು ಕೆಲವರಿಗೆ ತೋರುತ್ತದೆ. ನಮಗೆ ಹಾಗೆ ತೋರುವುದಿಲ್ಲ. ಎರಡು ಭಾಷೆಗಳನ್ನೂ ಚೆನ್ನಾಗಿ ಬಲ್ಲವನಿಗೆ ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯಬಾರದೆಂಬ ವಿವೇಕ ಬಂದೇ ಬರುತ್ತದೆ.

ಬೋಧನೆಯ ಕ್ರಮದಲ್ಲಿಯೂ ಬದಲಾವಣೆಗಳಾದವು. ಅರವತ್ತರ ದಶಕದಲ್ಲಿ ವಾಕ್ಯದ ಮಾದರಿಗಳನ್ನು ಒಂದರ ನಂತರ ಒಂದರಂತೆ ಜೋಡಿಸಿ ಬಾಯಿಪಾಠ ಮಾಡಿಸುವ ಪದ್ಧತಿ ಪ್ರಬಲವಾಗಿತ್ತು. ಇದಕ್ಕೆ ಪ್ರತಿಯಾಗಿ 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ, ಮುಂದೆ ಬೆಂಗಳೂರು ಯೋಜನೆಯೆಂದು ಜಗತ್ತಿನಾದ್ಯಂತ ಹೆಸರಾದ ಪ್ರಯೋಗದಲ್ಲಿ ವ್ಯಾಕರಣ ಪಾಠವನ್ನೇ ಬದಿಗಿಟ್ಟು, ರೈಲು ವೇಳಾಪಟ್ಟಿಯನ್ನು ಓದಿ ಉತ್ತರ ಕಂಡುಹಿಡಿಯುವಂಥ ಕೆಲಸಗಳನ್ನು ಮಕ್ಕಳಿಗೆ ಕೊಡಲಾಯಿತು. ಮನಸ್ಸು ಅರ್ಥದ ಮೇಲೆ ನೆಟ್ಟಿದ್ದಾಗ ರೂಪ ತಾನಾಗಿ ಒಳಗಿಳಿಯುತ್ತದೆ ಎಂಬುದು ಅದರ ಹಿಂದಿನ ನಂಬಿಕೆ. ‘ಹ್ಯಾಡ್’ ವಿಷಯದಲ್ಲಿ ಈ ಮಾತು ಸರಿಯೆನಿಸುತ್ತದೆ. ಯಾವ ಗಾಡಿ ಮೊದಲು ಹೊರಟಿತು, ನಾವು ಎಷ್ಟು ಹೊತ್ತಿಗೆ ತಲುಪಿದೆವು ಎಂಬ ಲೆಕ್ಕ ಕಣ್ಣಿಗೆ ಕಟ್ಟಿದವನಿಗೆ ಎರಡನೆಯ ಘಟನೆಯ ಅಗತ್ಯ ಹೇಳದೆಯೇ ತಿಳಿಯುತ್ತದೆ.

ಕನ್ನಡದ ಕಡೆಯಿಂದ ಈ ಪ್ರಶ್ನೆಯನ್ನು ಮೂಲಕ್ಕೆ ಒಯ್ದವರು ಡಿ.ಎನ್. ಶಂಕರ ಭಟ್ಟರು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದ ಅವರು, 1999ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಲೋಕದ ಭಾಷೆಗಳನ್ನು ಅವು ಕ್ರಿಯಾಪದದಲ್ಲಿ ಯಾವುದಕ್ಕೆ ಪ್ರಾಧಾನ್ಯ ಕೊಡುತ್ತವೆಯೆಂಬುದರ ಮೇಲೆ ವಿಂಗಡಿಸಿದರು. ಕನ್ನಡ ಕಾಲಕ್ಕೆ ಪ್ರಾಧಾನ್ಯ ಕೊಡುವ ಭಾಷೆ, ಹಿಂದಿ ಕ್ರಿಯೆ ಮುಗಿದಿದೆಯೆ ಇಲ್ಲವೆ ಎಂಬುದಕ್ಕೆ ಪ್ರಾಧಾನ್ಯ ಕೊಡುವ ಭಾಷೆ ಎಂದು ಅವರು ತೋರಿಸಿದರು. ಅವರ ಎಲ್ಲ ತೀರ್ಮಾನಗಳನ್ನು ಒಪ್ಪದವರೂ ಒಂದು ಮಾತನ್ನು ಒಪ್ಪಲೇಬೇಕು: ಹೊರಗಿನಿಂದ ತಂದ ಹೆಸರು ನಮ್ಮ ರೂಪದ ನಿಜವಾದ ಕೆಲಸವನ್ನು ಮರೆಮಾಡಬಲ್ಲದು.

ಇದು ಕೇವಲ ಪಂಡಿತರ ಚರ್ಚೆಯಲ್ಲ. ಅರ್ಜಿಗಳಲ್ಲಿ, ಕಚೇರಿಯ ಪತ್ರಗಳಲ್ಲಿ ‘ಐ ಹ್ಯಾಡ್ ಪೇಡ್ ದ ಫೀ’ ಎಂದು ನಾವು ಬರೆಯುತ್ತೇವೆ. ನಮ್ಮ ಮನಸ್ಸಿನಲ್ಲಿರುವುದು ‘ಶುಲ್ಕ ಕಟ್ಟಿದ್ದೆನಲ್ಲ, ಆ ಕೆಲಸ ಮುಗಿದಿದೆ’ ಎಂಬುದು. ಹೊರನಾಡಿನ ಓದುಗನು ‘ಕಟ್ಟಿದ್ದರು, ಆಮೇಲೆ ಏನೋ ಆಗಿರಬೇಕು, ಹಿಂದಕ್ಕೆ ಪಡೆದರೋ ಏನೋ’ ಎಂದು ಮು೦ದಿನ ವಾಕ್ಯಕ್ಕೆ ಕಾಯುತ್ತಾನೆ. ಇಂಥ ಕಡೆ ಒಂದು ಸಣ್ಣ ಪರೀಕ್ಷೆ ಸಾಕು: ‘ಯಾವುದಕ್ಕಿಂತ ಮುಂಚೆ?’ ಎಂದು ನಮ್ಮನ್ನೇ ಕೇಳಿಕೊಳ್ಳುವುದು. ಕಳೆದ ಕಾಲದ ಇನ್ನೊಂದು ಘಟನೆ ಉತ್ತರವಾಗಿ ಬಂದರೆ ‘ಹ್ಯಾಡ್’ ಇರಲಿ. ‘ಈಗಿಗಿಂತ ಮುಂಚೆ’ ಎಂಬುದಷ್ಟೇ ಉತ್ತರವಾದರೆ ಸಾಮಾನ್ಯ ಭೂತವೇ ಸರಿ. ‘ನಿನ್ನೆ’ ಎಂದು ದಿನವನ್ನೇ ಹೇಳಿದ ಮೇಲಂತೂ ‘ವೆಂಟ್’ ಎಂಬುದಕ್ಕೆ ಯಾವ ಆಸರೆಯೂ ಬೇಡ.

ಇದಕ್ಕಿಂತ ಹೆಚ್ಚಿನ ಕಳವಳ ನಮಗಿರುವುದು ಇನ್ನೊಂದು ದಿಕ್ಕಿನಿಂದ. ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ವ್ಯಾಕರಣವೆಂದರೆ ಇಂಗ್ಲಿಷ್ ವ್ಯಾಕರಣ. ‘ಹ್ಯಾಡ್ ಗಾನ್’ ತಪ್ಪೆಂದು ತಿದ್ದಿಸಿಕೊಂಡ ಮಗು ಮನೆಗೆ ಬಂದು ಕನ್ನಡದಲ್ಲಿಯೂ ‘ನಿನ್ನೆ ಹೋದೆ, ನೋಡಿದೆ, ತಿಂದೆ’ ಎಂದು ಒಂದೇ ಮಟ್ಟದಲ್ಲಿ ಹೇಳತೊಡಗುವುದನ್ನು ನಮ್ಮ ಬಳಗದ ಮನೆಗಳಲ್ಲಿ ಕೇಳುತ್ತಿದ್ದೇವೆ. ಹೋದ, ಹೋಗಿದ್ದಾನೆ, ಹೋಗಿದ್ದ ಎಂಬ ಮೂರರ ನಡುವಣ ಅಂತರ ಅವರ ಕಿವಿಯಿಂದ ಮೆಲ್ಲಗೆ ಜಾರುತ್ತಿದೆ. ಪದಗಳು ಮರೆತರೆ ನಿಘಂಟಿನಲ್ಲಿ ಹುಡುಕಬಹುದು. ಇಂಥ ಅಂತರ ಒಮ್ಮೆ ಮರೆತರೆ ಮರೆತದ್ದೇ ತಿಳಿಯುವುದಿಲ್ಲ. ಅದನ್ನು ಉಳಿಸುವ ಜಾಗ ಪುಸ್ತಕವಲ್ಲ, ಮಾತು.

ಆದ್ದರಿಂದ ಮಕ್ಕಳಿಗೆ ಎರಡು ಸಂಗತಿಗಳನ್ನು ಜೊತೆಯಾಗಿ ಹೇಳಿಕೊಡುವುದು ಉಚಿತವೆಂದು ನಮಗೆ ತೋರುತ್ತದೆ. ‘ವಿ ವೆಂಟ್ ಟು ಶಂಶಾಬಾದ್ ಯೆಸ್ಟರ್ಡೇ’ ಎಂಬುದು ಸರಿಯಾದ ಇಂಗ್ಲಿಷ್. ‘ನಿನ್ನೆ ಶಂಶಾಬಾದಿಗೆ ಹೋಗಿದ್ದೆವು’ ಎಂಬುದು ಸರಿಯಾದ ಕನ್ನಡ. ಮೊದಲನೆಯದರಲ್ಲಿ ಹೋದ ಸುದ್ದಿ ಮಾತ್ರ ಇದೆ. ಎರಡನೆಯದರಲ್ಲಿ ಹೋದವರು ಮನೆಗೆ ಮರಳಿದ್ದಾರೆ ಎಂಬುದೂ ಇದೆ.